ಮೂಗಿನ ಅಳತೆ

‘ಸಾರ್, ಜಾತಿ ರಕ್ತದಲ್ಲೇ ಇರುತ್ತಂತಲ್ಲ?’ ಮೊನ್ನೆ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಹಿಂದಿನ ಬೆಂಚಿನ ಮೂವರು ತಲೆ ತಗ್ಗಿಸಿದರು. ಈ ಮಾತು ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಚರಿತ್ರೆ ಇದೆ.

ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಮೂವತ್ತು ವರ್ಷ ಕಳೆಯುವುದರೊಳಗೆ ಬಂಗಾಳದಲ್ಲಿ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಜನರ ಮೂಗು ಅಳೆಸತೊಡಗಿದ್ದ. ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. ಅಂಕಿ ಏರಿದಷ್ಟೂ ಜಾತಿ ಕೀಳು, ಇಷ್ಟೇ ಅವನ ಸಿದ್ಧಾಂತ. ಮನುವಿಗೆ ವಿಜ್ಞಾನದ ಅಂಗಿ ತೊಡಿಸಿದ್ದು ಹೀಗೆ. 1901ರ ಜನಗಣತಿಯ ಕಮಿಷನರನೂ ಇವನೇ. ಜಾತಿಗಳನ್ನು ಅಲ್ಲಿ ಮೇಲು-ಕೀಳಿನ ಕ್ರಮದಲ್ಲೇ ಜೋಡಿಸಿದ.

ಅಂಬೇಡ್ಕರ್ ಈ ಲೆಕ್ಕಕ್ಕೆ ಹೆದರಲಿಲ್ಲ. 1948ರ ‘ದಿ ಅನ್‌ಟಚಬಲ್ಸ್’ನಲ್ಲಿ ಘುರ್ಯೆ ಕೊಟ್ಟಿದ್ದ ಮೂಗಿನ ಅಂಕಿಗಳನ್ನೇ ಮುಂದಿಟ್ಟು, ಈ ಶಾಸ್ತ್ರ ನಂಬತಕ್ಕದ್ದೇ ಆದರೆ ಬ್ರಾಹ್ಮಣ, ಅಸ್ಪೃಶ್ಯ ಇಬ್ಬರದೂ ಒಂದೇ ಜನಾಂಗ ಎಂದರು. ಆ ‘ಆದರೆ’ಯನ್ನು ನಮ್ಮ ವಿಮರ್ಶಕರು ಸರಿಯಾಗಿ ಓದೇ ಇಲ್ಲ ಅನ್ಸುತ್ತೆ. ಅಳೆಯುವವನ ಕೈಯಿಂದಲೇ ಅಳತೆಗೋಲು ಕಿತ್ತುಕೊಂಡ ಪರಿ ಅದು.

2013ರಲ್ಲಿ ಬಂದ ವಂಶವಾಹಿಗಳ ಅಧ್ಯಯನವೊಂದರ ಪ್ರಕಾರ, ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ಇಲ್ಲಿನ ಬಹುತೇಕ ಎಲ್ಲ ಗುಂಪುಗಳೂ ಒಂದರೊಳಗೊಂದು ಬೆರೆತವು. ಆಮೇಲೆ ಬೆರಕೆ ಅಪರೂಪವಾಯ್ತು. ಹುಡುಗನಿಗೆ ಇದನ್ನೇ ಬೋರ್ಡಿನ ಮೇಲೆ ಬರೆದು ತೋರಿಸಿದೆ. ‘ಹಂಗಾದ್ರೆ ನಿಲ್ಲಿಸಿದ್ದು ಯಾರು ಸಾರ್?’ ಅಂದದ್ದು ಹಿಂದಿನ ಬೆಂಚು.