ಖಾನಾವಳಿಗೆ ಬಾರದ ಮೀನು

ಯಾದಗಿರಿಯಲ್ಲಿ ಮೀನೂ ಸಿಗುತ್ತದೆ, ಜೋಳದ ರೊಟ್ಟಿಯೂ ಸಿಗುತ್ತದೆ. ಎರಡೂ ಒಂದೇ ತಾಟಿನಲ್ಲಿ ಮಾತ್ರ ಸಿಗುವುದಿಲ್ಲ. ಶಹಾಪುರ, ಸುರಪುರಗಳಲ್ಲೂ ಇದೇ ಪಾಡು. ಬೀಜ-ಗೊಬ್ಬರ ಮಾರುವ ಕೆಲಸ ನನ್ನದು. ಬೈಕಿನ ಮೇಲೆ ಮೂರೂ ತಾಲ್ಲೂಕು ಸುತ್ತುವವನಿಗೆ ಮಧ್ಯಾಹ್ನದ ಊಟ ಎಲ್ಲಿ ಸಿಕ್ಕರೆ ಅಲ್ಲಿ. ಖಾನಾವಳಿ ಹೊಕ್ಕರೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮೀನಿನ ಮಾತೆತ್ತಿದರೆ ಗಲ್ಲಾದ ಮೇಲೆ ಕೂತವರು ಗೋಡೆಯ ಬಸವಣ್ಣನವರ ಫೋಟೋ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಡಾಬಾ ಹೊಕ್ಕರೆ ಕೆಂಪಗೆ ಕರಿದ ಮೀನುಂಟು, ಜೊತೆಗೆ ಕೊಡುವುದು ಮೈದಾದ ತಂದೂರಿ ರೊಟ್ಟಿ. "ಜೋಳದ ರೊಟ್ಟಿ ಇಲ್ಲೇನಪಾ?" ಅಂದರೆ, "ಬಡ್ಯಾಕ ಹೆಣ್ಮಕ್ಕಳು ಬೇಕಲ್ರೀ ಅಣ್ಣಾ, ಇಲ್ಲಿ ಎಲ್ಲಾ ಗಂಡ ಹುಡುಗ್ರದಾರ" ಎಂಬ ಉತ್ತರ.

ಹೊಳೆ ಇಲ್ಲದ ಸೀಮೆಯಾಗಿದ್ದರೆ ಕೇಳುತ್ತಿರಲಿಲ್ಲ. ಆದರೆ ನಮ್ಮದು ದಕ್ಷಿಣದ ಅಂಚಿನಲ್ಲಿ ಕೃಷ್ಣೆ ಹರಿಯುವ, ಯಾದಗಿರಿ ಪಟ್ಟಣದ ಮಗ್ಗುಲಿಗೇ ಭೀಮೆ ಹಾದುಹೋಗುವ ಜಿಲ್ಲೆ. ಎರಡು ಹೊಳೆ ಇಟ್ಟುಕೊಂಡು ಮೀನಿನೂಟಕ್ಕೆ ಹೆಸರಾದ ಒಂದು ಹೋಟೆಲೂ ಇಲ್ಲದಿರುವುದು ಹೇಗೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಮೊದಲು ನಮ್ಮ ಮನೆಯದೇ ಕತೆ.

ನಾವು ಅಂಬಿಗರು. ಈ ಭಾಗದಲ್ಲಿ ಕಬ್ಬಲಿಗರು, ಕೋಲಿಗಳು ಎಂದೂ ಕರೆಯುತ್ತಾರೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಫೋಟೋ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಮುತ್ಯಾ ಕೃಷ್ಣೆಯ ದಂಡೆಯ ತಿಂಥಣಿಯ ಹತ್ತಿರ ಹರಿಗೋಲು ಹಾಕುತ್ತಿದ್ದ. ಈಗ ಅಲ್ಲಿ ಸುರಪುರದಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ಸೇತುವೆ ಇದೆ. ಮೊದಲು ಅಲ್ಲಿಯ ಮೌನೇಶ್ವರನ ಜಾತ್ರೆಗೆ ಆಚೆ ದಂಡೆಯಿಂದ ಬರುವವರೆಲ್ಲ ಹರಿಗೋಲಿನಲ್ಲೇ ಬರಬೇಕಿತ್ತು. ಬಿದಿರಿನ ಹಂದರ, ಅದರ ಮೇಲೆ ತೊಗಲು. ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ತುಂಗಭದ್ರೆಯಲ್ಲಿ ಇಂಥದ್ದೇ ದೋಣಿಗಳನ್ನು ಕಂಡು, ಬುಟ್ಟಿಯಂಥವು, ಹದಿನೈದು-ಇಪ್ಪತ್ತು ಮಂದಿ ಕೂರುತ್ತಾರೆ, ಎತ್ತು ಕುದುರೆಗಳನ್ನೂ ದಾಟಿಸುತ್ತಾರೆ ಎಂದು ಬೆರಗಾಗಿ ಬರೆದಿಟ್ಟಿದ್ದಾನೆ. ನಮ್ಮ ಕಾಲಕ್ಕೆ ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು. ಹರಿಗೋಲೂ ಇಲ್ಲದವರು ಒಣಗಿದ ಸೋರೆ ಬುರುಡೆ ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿಂದ 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬರು ಹೀಗೆಯೇ ಈಜಿ ದಂಡೆ ಸೇರಿದ ಸುದ್ದಿಯನ್ನು ದೇಶವೆಲ್ಲ ಓದಿತ್ತು. ಓದಿದವರಿಗೆ ಅದು ಸಾಹಸ. ನಮಗೆ ಬುರುಡೆ ಎಂದರೆ ಬಲೆಯಷ್ಟೇ ಹಳೆಯ ಸಾಮಾನು.

ಮುತ್ಯಾನಿಗೆ ಹಣದ ಮುಖ ಅಷ್ಟಾಗಿ ಗೊತ್ತಿರಲಿಲ್ಲ. ವರ್ಷಪೂರ್ತಿ ದಾಟಿಸಿದ್ದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ಅಳೆಸಿಕೊಂಡು ಬರುವುದು. ದಾಟಿಸುವ ಕೆಲಸ ಇಲ್ಲದ ಹೊತ್ತಲ್ಲಿ ಬಲೆ. ಮೀನನ್ನು ಆಯಿ ಬುಟ್ಟಿಯಲ್ಲಿ ಹೊತ್ತು, ಮೇಲೆ ಹಸಿ ಸೊಪ್ಪು ಮುಚ್ಚಿ, ಊರೂರಿಗೆ ಒಯ್ಯುತ್ತಿದ್ದಳು. ಒಂದು ಸೇರು ಜೋಳಕ್ಕೆ ಇಷ್ಟು ಮೀನು ಎಂಬ ಲೆಕ್ಕ. ಅಂದರೆ ರೊಟ್ಟಿಯೂ ಮೀನೂ ಬೆಲೆಯಲ್ಲೇ ಒಂದಕ್ಕೊಂದು ಗಂಟು ಬಿದ್ದಿದ್ದವು. ಬುಟ್ಟಿ ಎಲ್ಲಿಯವರೆಗೆ ಹೋಗಬಹುದಿತ್ತು? ಬೆಳಗಿನಿಂದ ಬಿಸಿಲು ಏರುವವರೆಗೆ ಹೆಂಗಸೊಬ್ಬಳು ನಡೆಯುವಷ್ಟು ದೂರ, ಅಷ್ಟೇ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಾಡಿದು. ಹತ್ತು ಗಂಟೆಯ ಮೇಲೆ ಬುಟ್ಟಿಯಲ್ಲಿರುವುದು ಮೀನಲ್ಲ. ಹಾಗಾಗಿ ತಾಜಾ ಮೀನಿನ ರಾಜ್ಯ ಹೊಳೆಯಿಂದ ಎರಡು-ಮೂರು ಹರದಾರಿಗೆ ಮುಗಿಯುತ್ತಿತ್ತು. ಪೇಟೆಗೆ ಅದು ಬರಲೇ ಇಲ್ಲ. ಮುಂಬೈ-ಮದ್ರಾಸ್ ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಿತು, ಯಾದಗಿರಿ ಆ ದಾರಿಯ ಮೇಲೇ ಇದೆ. ಆದರೂ ನಮ್ಮಪ್ಪ ಯಾದಗಿರಿ ಸಂತೆಯಿಂದ ತರುತ್ತಿದ್ದುದು ಕಡಲ ಕಡೆಯ ಒಣಮೀನು, ಒಣ ಸೀಗಡಿ. ಐಸ್ ಇಲ್ಲದೆ ರೈಲು ಒಯ್ಯಬಲ್ಲದ್ದು ಅಷ್ಟೇ.

ಆಯಿಯ ಅಡುಗೆ ಹೇಳಬೇಕು. ಹಾವುಮೀನು, ಬಾಳೆಮೀನು, ಕೈಗೆ ಚುಚ್ಚಿದರೆ ಸಂಜೆಯವರೆಗೆ ಉರಿಯುವ ಚೇಳುಮೀನು, ಇಲ್ಲವೆ ಬೆರಳುದ್ದದ ಬಿಳಿಮೀನಿನ ರಾಶಿ, ಆವತ್ತು ಬಲೆಗೆ ಬಿದ್ದದ್ದು. ಒಲೆಯ ಬೂದಿ ಹಚ್ಚಿ ಕಲ್ಲಿಗೆ ಉಜ್ಜಿದರೆ ಲೋಳೆ ಬಿಡುತ್ತಿತ್ತು. ಮಣ್ಣಿನ ಗಡಿಗೆಯಲ್ಲಿ ಹುಣಸೆ ರಸ, ಸುಟ್ಟು ಅರೆದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಒಣಮೆಣಸಿನಕಾಯಿ ಖಾರ. ಸಾರು ಗಟ್ಟಿಯಾಗಲು ಒಂದು ಹಿಡಿ ಗುರೆಳ್ಳು ಪುಡಿ. ಸಾರು ಕುದಿಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ರೊಟ್ಟಿ. ಜೋಳದ ಹಿಟ್ಟಿಗೆ ಎಸರು ಹೊಯ್ದು ನಾದಿ, ಎರಡೂ ಅಂಗೈಯಲ್ಲಿ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಿ, ಮಗುಚಿ, ಕೆಂಡದ ಬದಿಗೆ ನಿಲ್ಲಿಸಿದರೆ ಉಬ್ಬುತ್ತಿತ್ತು. ಬಿಸಿ ರೊಟ್ಟಿಯ ನಡುವೆ ಮುಳ್ಳು ತೆಗೆದ ಮೀನು, ಮೇಲೆ ಗಟ್ಟಿ ಸಾರು, ಹಸಿ ಉಳ್ಳಾಗಡ್ಡಿ; ಮಡಚಿ ಮಕ್ಕಳ ಕೈಗೆ ಕೊಟ್ಟುಬಿಡುವುದು. ತಾಟು ತೊಳೆಯುವ ಕೆಲಸ ತಪ್ಪುತ್ತದೆ ಎನ್ನುವುದಷ್ಟೇ ಆಯಿಯ ಯೋಚನೆ.

ಹೀಗೆ ಹೊಳೆದಂಡೆಯಲ್ಲೇ ಹುಟ್ಟಿ ಅಲ್ಲೇ ಖರ್ಚಾಗುವ ಊಟಕ್ಕೆ ಪೇಟೆಯಲ್ಲಿ ಜಾಗ ಕೊಡುವವರು ಯಾರಿದ್ದರು? ನಮ್ಮ ಕಡೆಯ ಖಾನಾವಳಿ ಹುಬ್ಬಳ್ಳಿ-ಧಾರವಾಡದ ಲಿಂಗಾಯತ ಖಾನಾವಳಿಯ ವಂಶದ್ದು. ಅಲ್ಲಿ ಮೀನಿನ ಪ್ರಶ್ನೆಯೇ ಇಲ್ಲ. ಮಾಂಸದ ಖಾನಾವಳಿ ಅಂದರೆ ಸಾವಜಿಯವರದು, ಅವರ ಹೆಸರು ಕುರಿ ಮಾಂಸಕ್ಕೆ, ಖೀಮಾಕ್ಕೆ. 1948ರವರೆಗೆ ಇದೆಲ್ಲ ನಿಜಾಮರ ಸೀಮೆಯಾಗಿದ್ದರಿಂದ ಮುಸ್ಲಿಂ ಹೋಟೆಲುಗಳು ಹೈದರಾಬಾದಿನ ಬಿರಿಯಾನಿ, ನಾನ್, ಖಡಕ್ ಚಹಾ ತಂದವು. ಕೊನೆಗೆ ಉಡುಪಿಯವರು ಬಂದರು. ದಿನಾ ಮೀನು ತಿನ್ನುವ ಕರಾವಳಿಯಿಂದ ನಮಗೆ ಬಂದದ್ದು ಇಡ್ಲಿ, ಸಾಂಬಾರು! ನಾಲ್ಕು ದಿಕ್ಕಿನಿಂದ ನಾಲ್ಕು ಬಗೆಯ ಹೋಟೆಲ್ ಬಂದರೂ ಹೋಟೆಲ್ ಇಡುವ ಅಂಬಿಗ ಮಾತ್ರ ಬರಲಿಲ್ಲ. ಬಂಡವಾಳ ಇರಲಿಲ್ಲ ಎನ್ನುವುದು ಒಂದು ಕಾರಣ. ನಮ್ಮ ಕೈಯಡುಗೆ ಉಣ್ಣಲು ಊರ ದೊಡ್ಡವರು ಬರುತ್ತಿರಲಿಲ್ಲ ಎನ್ನುವುದು ಇನ್ನೊಂದು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೀನು ಈ ನಾಡಿನ ದೊಡ್ಡವರಿಗೆ ಎಂದೂ ಬೇಡವಾಗಿತ್ತು ಅಂತೇನಿಲ್ಲ. ನಮ್ಮನ್ನು ಆಳಿದ ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಗಾಳ ಹಾಕುವ ಆಟಕ್ಕೇ ಒಂದು ಭಾಗ ಮೀಸಲು. ಮೂವತ್ತೈದರಷ್ಟು ಬಗೆಯ ಮೀನುಗಳ ವಿವರ ಅಲ್ಲಿದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಅದನ್ನು ಕೂಲಂಕಷವಾಗಿ ನೋಡಿ ಲೇಖನ ಬರೆದರು. ಅಡುಗೆಯ ಭಾಗದಲ್ಲಿ ಮೀನಿನ ತುಂಡುಗಳನ್ನು ಹುಣಸೆ ರಸದಲ್ಲಿ ಬೇಯಿಸುವ, ಗೋಧಿ ಹಿಟ್ಟು ಉದುರಿಸಿ ಎಣ್ಣೆಯಲ್ಲಿ ಕೆಂಪಗೆ ಕರಿಯುವ, ಮೇಲೆ ಸೈಂಧವ ಲವಣ, ಏಲಕ್ಕಿ, ಕರಿಮೆಣಸಿನ ಪುಡಿ ಉದುರಿಸುವ ಮಾತುಗಳಿವೆ. ಮೆಣಸಿನಕಾಯಿ ಇಲ್ಲ, ಅದು ಪೋರ್ಚುಗೀಸರ ಹಡಗು ಹತ್ತಿ ಬರಲು ಇನ್ನೂ ನಾಲ್ಕು ಶತಮಾನ ಬಾಕಿ. ಉಳಿದಂತೆ ಹುಣಸೆ ರಸದ ಗಡಿಗೆ ಅರಮನೆಯಲ್ಲೂ ನಮ್ಮ ಗುಡಿಸಲಲ್ಲೂ ಒಂದೇ.

   

ಹೊಳೆಯಲ್ಲಿ ಏನಿತ್ತು ಎನ್ನುವುದಕ್ಕೆ ಇನ್ನೊಬ್ಬ ಸಾಕ್ಷಿ ಇದ್ದಾನೆ. ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಪುಣೆ ಕಡೆಯ ಮುಳಾ, ಮುಠಾ, ಭೀಮಾ ಹೊಳೆಗಳ ಮೀನುಗಳನ್ನು ಚಿತ್ರ ಬಿಡಿಸಿ, 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ. ದಖನ್ನಿನ ಮಹಶೀರಿನ ಈಗಿನ ವೈಜ್ಞಾನಿಕ ಹೆಸರಿನಲ್ಲೂ ಅವನಿಟ್ಟ ಹೆಸರು ಉಳಿದಿದೆ. ಅದೇ ಭೀಮೆ ಮುಂದೆ ಹರಿದು ನಮ್ಮಲ್ಲಿಗೆ ಬರುತ್ತದೆ. ಮಹಶೀರಿನಂಥವು ಮೊದಲ ಮಳೆಗೆ ಹೊಳೆ ಏರಿ ಮೊಟ್ಟೆಯಿಡುವ ಜಾತಿ. ಅಡ್ಡಗೋಡೆ ಕಟ್ಟಿದರೆ ಅವಕ್ಕೆ ದಾರಿ ಇಲ್ಲ. ಗೋಡೆ ಬಂತು. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿಯಿತು, ಮೇಲೆ ಆಲಮಟ್ಟಿ ಎದ್ದಿತು, ಭೀಮೆಗೆ ಸನ್ನತಿ, ಜೋಳದಡಗಿ, ಗುರಸುಣಗಿಗಳಲ್ಲಿ ಸೇತುವೆ-ಬ್ಯಾರೇಜುಗಳಾದವು. ಈಗ ಜಲಾಶಯದಿಂದ ಬುಟ್ಟಿ ತುಂಬ ಬರುವುದು ಕಟ್ಲಾ, ರೋಹು, ಮೃಗಾಲ್. ಮೂರೂ ಗಂಗೆಯ ಕಡೆಯವು. ಹೀರಾಲಾಲ್ ಚೌಧುರಿ 1957ರ ಜುಲೈ 10ರಂದು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದ ಮೇಲೆ, ಹೊಳೆಯ ಮರಿಗೆ ಕಾಯದೆ ತೊಟ್ಟಿಯಲ್ಲೇ ಮರಿ ಮಾಡಿ ದೇಶದ ಯಾವ ಕೆರೆಗಾದರೂ ಬಿಡುವುದು ಸಾಧ್ಯವಾಯಿತು. "ಕೃಷ್ಣಾ ಮೀನು" ಎಂದು ಬೋರ್ಡು ಬರೆದು ಡಾಬಾದವರು ಕರಿದು ಕೊಡುವುದು ಈ ಗಂಗಾಪುತ್ರರನ್ನು. ರುಚಿ ಕೆಟ್ಟದ್ದೇನಲ್ಲ, ಸಪ್ಪೆ. ಹಾವುಮೀನಿನ ಮುಂದೆ ನಿಲ್ಲುವುದಿಲ್ಲ ಎನ್ನುವುದು ನನ್ನ ತೀರ್ಪು, ಇದರಲ್ಲಿ ರಾಜಿ ಇಲ್ಲ.

ಅಣೆಕಟ್ಟು ತಟ್ಟೆಯ ಇನ್ನೊಂದು ಬದಿಯನ್ನೂ ಬದಲಿಸಿತು. ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದೇ ಶಹಾಪುರ, ಸುರಪುರದ ಎರೆಭೂಮಿಯಲ್ಲಿ ಬಿಳಿಜೋಳದ ಜಾಗಕ್ಕೆ ಭತ್ತ ಬಂತು. ಭತ್ತದ ಹಿಂದೆ ಆಂಧ್ರದ ರೈತರು ಬಂದರು, ಕ್ಯಾಂಪುಗಳು ಎದ್ದವು. ಅವರಿಗೆ ಮೀನು ಅಂದರೆ ಅನ್ನದ ಜೊತೆಗಾರ. ಮೀನಿನ ಪುಲುಸು ಮೊದಲು ಕ್ಯಾಂಪಿನ ಮೆಸ್ಸಿನಲ್ಲಿ ಬೆಂದು, ಆಮೇಲೆ ಪೇಟೆಗೆ ಬಂತು. ಐಸ್ ಪೆಟ್ಟಿಗೆಯ ಲಾರಿಯೂ ಬಂತು. ನಮ್ಮ ಪೇಟೆಯ ಹೋಟೆಲಿಗೆ ಮೀನು ಕಾಲಿಟ್ಟದ್ದು ಹೀಗೆ, ಅನ್ನದ ಕೈ ಹಿಡಿದು. ರೊಟ್ಟಿ ಹೊರಗೇ ಉಳಿಯಿತು.

ಬೆಂಗಳೂರಿನಲ್ಲಾದರೂ ಸಿಕ್ಕೀತೇ ಎಂಬ ಆಸೆ ಇತ್ತು. ಸುರಪುರ, ಶಹಾಪುರದಿಂದ ಗುಳೆ ಹೋದವರು ಕಟ್ಟಡ ಕಟ್ಟುವ ಕಡೆಯೆಲ್ಲ ಇದ್ದಾರೆ. ಶೆಡ್ಡಿನ ಮುಂದೆ ಮೂರು ಕಲ್ಲಿಟ್ಟು ರೊಟ್ಟಿ ಬಡಿಯುತ್ತಾರೆ. ಹೋಟೆಲಿನಲ್ಲಿ ಮಾತ್ರ ಮಂಗಳೂರಿನ ಬಂಗುಡೆ, ಕೇರಳದ ಕರಿಮೀನು, ಬಂಗಾಳದ ಸಾಸಿವೆ ಮೀನು. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಲ್ಲಿ ಕಟ್ಲಾ ಬೇಕಾದಷ್ಟಿದೆ, ರೊಟ್ಟಿ ಖಾನಾವಳಿಗಳೂ ಗಲ್ಲಿಗೊಂದಿವೆ. ತಂಗಿಯ ಮಗಳು, "ಮಾಮಾ, ನೀವು ಹುಡುಕೋದು ನಾ ತೋರಿಸ್ತೀನಿ ಬರ್ರಿ" ಎಂದು ಇಂದಿರಾನಗರದ ಒಂದು ಮೆಕ್ಸಿಕೋ ಹೋಟೆಲಿಗೆ ಕರೆದೊಯ್ದಳು. ಅಂಗೈಯಗಲದ ಮೆಕ್ಕೆಜೋಳದ ರೊಟ್ಟಿ, ಒಳಗೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಹೆಚ್ಚಿದ ಎಲೆಕೋಸು, ಹುಳಿ ಕೆನೆ, ಮೇಲೆ ಲಿಂಬೆ. ಟಾಕೋ ಅಂತೆ. ರೊಟ್ಟಿ ತಣ್ಣಗಾಗಿತ್ತು, ಬೆಲೆ ಬಿಸಿಯಾಗಿತ್ತು. ಆದರೂ ಅದರ ಹಿಂದಿನ ಕತೆ ನನಗೆ ಹಿಡಿಸಿತು. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಎನ್ಸೆನಾಡಾ ಎಂಬ ಬಂದರಿದೆ. ಅಲ್ಲಿಯ ತಳ್ಳುಗಾಡಿಗಳಲ್ಲಿ ಬೆಳೆದ ತಿಂಡಿ ಇದು. ಅದೇ ಬಾಹಾದ ಸ್ಯಾನ್ ಫೆಲಿಪೆಯಲ್ಲಿ ತಿಂದು ರುಚಿ ಹತ್ತಿದ ರಾಲ್ಫ್ ರೂಬಿಯೋ 1983ರಲ್ಲಿ ಗಡಿಯಾಚೆಯ ಸ್ಯಾನ್ ಡಿಯಾಗೋದಲ್ಲಿ ಅಂಗಡಿ ತೆರೆದ, ಅಲ್ಲಿಂದ ಅದು ಊರೂರಿಗೆ ಹೋಯಿತು. ನಮ್ಮಲ್ಲಿ ಬಸವಸಾಗರ ಮುಗಿದ ಮರುವರ್ಷ ಅದು. ಎನ್ಸೆನಾಡಾದವರ ಮೀನಿಗೆ ಸಿಗುತ್ತಿದ್ದುದು ಬಂದರಿನ ಕೂಲಿಯವನ ಕೈಯ ಚಿಲ್ಲರೆ ಕಾಸು. ನಮ್ಮ ಆಯಿಯ ಮೀನಿಗೆ ಸಿಗುತ್ತಿದ್ದುದು ಜೋಳ. ಜೋಳ ಕೊಟ್ಟು ಕೊಂಡ ಮೀನು ಮನೆಯೊಲೆಗೆ ಹೋಗುತ್ತದೆ, ಅಂಗಡಿ ಕಟ್ಟುವುದಿಲ್ಲ.

ಈಚೆಗೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಶಹಾಪುರದಲ್ಲಿ ಹೆಣ್ಣುಮಕ್ಕಳು ನಡೆಸುವ ರೊಟ್ಟಿ ಕೇಂದ್ರದಲ್ಲಿ ಬೆಳಿಗ್ಗೆಯೇ ಮೆತ್ತನ್ನ ರೊಟ್ಟಿ ಕಟ್ಟಿಸಿಕೊಂಡು, ಅರಿವೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ನಾರಾಯಣಪುರದ ಕಡೆ ಹೊರಟುಬಿಡುತ್ತೇನೆ. ದಾರಿಯಲ್ಲೊಂದು ತಗಡಿನ ಹೋಟೆಲಿದೆ. ಮಾಲೀಕ ನಮ್ಮವನೇ, ಜಲಾಶಯದಲ್ಲಿ ಬಲೆ ಹಾಕುವ ಲೈಸೆನ್ಸ್ ತಮ್ಮನ ಹೆಸರಲ್ಲಿದೆ. ಅವನ ಗಿರಾಕಿಗಳು ಬಾಟಲಿ ಮುಂದಿಟ್ಟುಕೊಂಡು ಕೂರುವವರು. ಅವರಿಗೆ ಮೀನು ನಂಜಿಕೊಳ್ಳುವ ಸಾಮಾನು, ಊಟವಲ್ಲ. ನಾನು ಕಲರ್ ಪುಡಿ ಬೇಡವೆಂದು ಹೇಳಿ, ಬಲೆಗೆ ಹಾವುಮೀನು ಬಿದ್ದಿದ್ದರೆ ಅದನ್ನೇ ಹುಣಸೆ ಹಾಕಿಸಿ ಗಟ್ಟಿ ಮಾಡಿಸುತ್ತೇನೆ. ಮೊನ್ನೆ ಡಬ್ಬಿ ಬಿಚ್ಚಿ ರೊಟ್ಟಿ ಮಡಚುವುದನ್ನು ನೋಡುತ್ತ ನಿಂತಿದ್ದವ, "ಕಾಕಾ, ಹೊರಗಿನ ಊಟ ಒಳಗ ತರಬಾರದು ಅಂತ ಬೋರ್ಡ್ ಹಾಕೀನಿ, ನೋಡಿಲ್ಲೇನು?" ಅಂದ. ನೋಡೀನಿ ಅಂದೆ. "ಹಂಗಾರ ಮುಂದಿನ ಸಲ ನನಗೂ ನಾಕು ತರ್ರಿ. ರೊಕ್ಕ ಕೊಡ್ತೀನಿ."