ಮನೆಗೆ ರ‍್ಯಾಂಪ್, ಬಚ್ಚಲಿಗೆ ಹಿಡಿಕೆ: ಅಂಗವಿಕಲರಿಗೆ ಸರ್ಕಾರ 2 ಲಕ್ಷ ರೂಪಾಯಿ ಕೊಡುತ್ತದೆಯೇ?

"ಅಂಗವಿಕಲರು ಇರುವ ಮನೆಗಳಿಗೆ ಸಿಹಿ ಸುದ್ದಿ! ರ‍್ಯಾಂಪ್, ಕಮೋಡ್ ಹಾಕಿಸಿಕೊಳ್ಳಲು ಸರ್ಕಾರದಿಂದ 2 ಲಕ್ಷ ಉಚಿತ. ಇಂದೇ ಕೊನೆಯ ದಿನ. ಲಿಂಕ್ ಒತ್ತಿ, ಆಧಾರ್ ನಂಬರ್ ಹಾಕಿ, ಹತ್ತು ಜನಕ್ಕೆ ಕಳಿಸಿ." ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ನಮಗೆ ಇದು ಮನೆಯೊಳಗಿನಿಂದಲೇ ಬಂತು. ನಮ್ಮ ತಂಡದ ಗೆಳತಿಯೊಬ್ಬಳ ದೊಡ್ಡಪ್ಪ ಬನಶಂಕರಿ 2ನೇ ಹಂತದಲ್ಲಿದ್ದಾರೆ. ನಿವೃತ್ತರು. ಪಾರ್ಶ್ವವಾಯು ಹೊಡೆದ ಮೇಲೆ ಎಡಗಾಲು ಎತ್ತಿ ಇಡುವುದು ಕಷ್ಟ. ಬನಶಂಕರಿ ಮೆಟ್ರೊ ನಿಲ್ದಾಣಕ್ಕೆ ಹೋದರೆ ಲಿಫ್ಟ್ ಇದೆ. ಆದರೆ ಅಲ್ಲಿಗೆ ಹೋಗಲು ಮೊದಲು ತಮ್ಮದೇ ಮನೆಯ ಮೂರು ಮೆಟ್ಟಿಲು ಇಳಿಯಬೇಕಲ್ಲ! ದೊಡ್ಡಮ್ಮ ಆಸೆಯಿಂದ ಲಿಂಕ್ ಒತ್ತಿ ಹೆಸರು, ಆಧಾರ್ ಎಲ್ಲ ತುಂಬಿದರು. ಕೊನೆಗೆ "ಅರ್ಜಿ ಶುಲ್ಕ" ಕೇಳಿತು. ಒಟಿಪಿ ಮಗನ ಫೋನಿಗೆ ಹೋದದ್ದರಿಂದ ದುಡ್ಡು ಉಳಿಯಿತು.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಇರುವ ಮನೆಯನ್ನು ಅಂಗವಿಕಲರಿಗೆ ತಕ್ಕಂತೆ ಬದಲಾಯಿಸಿಕೊಳ್ಳಲೆಂದೇ ಎಲ್ಲರಿಗೂ 2 ಲಕ್ಷ ನಗದು ಕೊಡುವ ಯೋಜನೆ ಕೇಂದ್ರದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಇಂಗ್ಲೆಂಡಿನಲ್ಲಿ ಇದೆ. ಅಲ್ಲಿನ ಸ್ಥಳೀಯ ಆಡಳಿತಗಳು ಇಂಥ ಕೆಲಸಕ್ಕೆ 30,000 ಪೌಂಡ್‌ವರೆಗೆ ಅನುದಾನ ಕೊಡುತ್ತವೆ. ನಮ್ಮಲ್ಲಿ ಇರುವುದು ಚೂರುಚೂರಾದ ನೆರವು. ಒಂದು ಚೂರು ಒಂದು ಇಲಾಖೆಯಲ್ಲಿ, ಇನ್ನೊಂದು ಮತ್ತೊಂದರಲ್ಲಿ. ಸೇರಿಸಿಕೊಳ್ಳುವ ಕೆಲಸ ನಮ್ಮದೇ.

ಕಾನೂನು ಏನು ಹೇಳುತ್ತದೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 37ನೇ ಸೆಕ್ಷನ್ ಪ್ರಕಾರ ಸರ್ಕಾರದ ವಸತಿ ಯೋಜನೆಗಳಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಶೇ 5 ಮೀಸಲು, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ಗಮನಿಸಿ, ಇದು ಮನೆ ಅಥವಾ ನಿವೇಶನ ಹಂಚುವಾಗಿನ ಮಾತು. ಪ್ರಧಾನಮಂತ್ರಿ ಆವಾಸ್ ಆಗಲಿ, ನಮ್ಮ ಪಾಲಿಕೆಯ ಒಂಟಿ ಮನೆ ಯೋಜನೆಯಾಗಲಿ ಮುಖ್ಯವಾಗಿ ಸೂರಿಲ್ಲದ ಬಡವರು ಮನೆ ಕಟ್ಟಿಕೊಳ್ಳಲು ಇರುವಂಥವು. ಸ್ವಂತ ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸಲು ಅಲ್ಲಿ ಅರ್ಜಿ ಹಾಕಿದರೆ ತಿರುಗಿ ಬರುತ್ತದೆ. ಫಾರ್ವರ್ಡ್ ಬರೆಯುವವರು ಇವನ್ನೆಲ್ಲ ಕಲಸಿಬಿಡುತ್ತಾರೆ, ಓದುವವರಿಗೆ ಅರ್ಧ ನಿಜದ ವಾಸನೆ ಬರುತ್ತದೆ.

ಮೊದಲು ಕಾರ್ಡ್

ಯಾವ ಚೂರಿಗೆ ಕೈಹಾಕಿದರೂ ಮೊದಲು ಕೇಳುವುದು ಯುಡಿಐಡಿ ಕಾರ್ಡ್. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಸರ್ಕಾರಿ ಶುಲ್ಕ ಇಲ್ಲ. ಬನಶಂಕರಿಯವರು ತಪಾಸಣೆಗೆ ಜಯನಗರದ ಜನರಲ್ ಆಸ್ಪತ್ರೆಯನ್ನು ಆರಿಸಿಕೊಳ್ಳಬಹುದು, ಮಾನಸಿಕ ಕಾಯಿಲೆ ಅಥವಾ ನರಸಂಬಂಧಿ ತೊಂದರೆಯಾದರೆ ನಿಮ್ಹಾನ್ಸ್. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 79 ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಕಾರ್ಡ್.

ಪಾರ್ಶ್ವವಾಯು ಆದವರ ಮನೆಗಳಲ್ಲಿ ಒಂದು ತಪ್ಪು ಕಲ್ಪನೆ ಸಾಮಾನ್ಯ. "ನಮ್ಮದು ಕಾಯಿಲೆ, ಅಂಗವಿಕಲತೆ ಅಲ್ಲ" ಎಂದುಕೊಂಡು ಯಾರೂ ಅರ್ಜಿಯನ್ನೇ ಹಾಕುವುದಿಲ್ಲ. ಕೈಕಾಲಿನ ಬಲ ಹೋಗಿ ಚಲನೆ ಕುಂದಿದ್ದರೆ ಕಾರಣ ಪೋಲಿಯೊ ಆಗಲಿ, ಪಾರ್ಶ್ವವಾಯು ಆಗಲಿ, ಅಪಘಾತವಾಗಲಿ, ಅದು ಚಲನ ಅಂಗವಿಕಲತೆಯೇ. ದೊಡ್ಡಪ್ಪನ ಮನೆಯಲ್ಲೂ ಈ ಮಾತು ಹೇಳಿ ಒಪ್ಪಿಸಲು ನಮಗೆ ಎರಡು ಭಾನುವಾರ ಬೇಕಾಯಿತು. ಆ ಪದ ಅವರಿಗೆ ಇಷ್ಟವಾಗಲಿಲ್ಲ, ಅದು ಸಹಜ ಕೂಡ.

ದುಡ್ಡಲ್ಲ, ವಸ್ತು

ಕೇಂದ್ರದ ಅಡಿಪ್ ಯೋಜನೆಯಲ್ಲಿ ಗಾಲಿಕುರ್ಚಿ, ಊರುಗೋಲು, ಕೃತಕ ಕಾಲು ಇತ್ಯಾದಿ ಸಿಗುತ್ತವೆ. ತಿಂಗಳ ಆದಾಯ 22,500 ರೂಪಾಯಿವರೆಗೆ ಇದ್ದರೆ ಪೂರ್ತಿ ಉಚಿತ, 30,000ದವರೆಗೆ ಇದ್ದರೆ ಅರ್ಧ ಬೆಲೆ. ಅರವತ್ತು ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಬಿಪಿಎಲ್ ಕಾರ್ಡ್ ಇರಬೇಕು, ಇಲ್ಲವೇ ತಿಂಗಳ ಆದಾಯ 15,000 ರೂಪಾಯಿಯೊಳಗೆ ಇರಬೇಕು. ಅದರ ಪಟ್ಟಿಯಲ್ಲಿ ವಾಕರ್ ಜೊತೆಗೆ ಕಮೋಡ್ ಇರುವ ಕುರ್ಚಿಯೂ ಇದೆ. ಬಚ್ಚಲು ಒಡೆದು ಕಟ್ಟಿಸುವ ಖರ್ಚನ್ನು ಎಷ್ಟೋ ಮನೆಗಳಲ್ಲಿ ಈ ಒಂದು ಕುರ್ಚಿಯೇ ತಪ್ಪಿಸುತ್ತದೆ, ನೆಲದ ಪಾಯಿಖಾನೆಯ ಮೇಲೂ ಇಟ್ಟುಕೊಳ್ಳಬಹುದು. ಎರಡೂ ಯೋಜನೆಗಳ ಸಾಧನಗಳನ್ನು ಹೆಚ್ಚಾಗಿ ಪೂರೈಸುವುದು ಕಾನ್ಪುರದ ಅಲಿಮ್ಕೊ, ಬೆಂಗಳೂರಿನಲ್ಲೂ ಅದರ ಘಟಕವಿದೆ.

ಇನ್ನು ಸ್ಥಳೀಯ ಸಂಸ್ಥೆಗಳ ಶೇ 5ರ ನಿಧಿ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು, ಗ್ರಾಮ ಪಂಚಾಯಿತಿಗಳು ಅಂಗವಿಕಲರ ಕಲ್ಯಾಣಕ್ಕೆ ಇಷ್ಟು ಭಾಗ ತೆಗೆದಿಡಬೇಕು. ಯಾವುದಕ್ಕೆ ಖರ್ಚು ಎಂಬುದು ಆಯಾ ವರ್ಷದ ಕ್ರಿಯಾ ಯೋಜನೆಯಲ್ಲಿ ತೀರ್ಮಾನವಾಗುತ್ತದೆ. ಮನೆಯ ಮಾರ್ಪಾಡಿಗೆ ಬಾಗಿಲು ಸ್ವಲ್ಪವಾದರೂ ತೆರೆದಿದ್ದರೆ ಅದು ಇಲ್ಲಿ ಎಂಬುದು ನಮ್ಮ ಅಭಿಪ್ರಾಯ, ಆದರೆ ಕೇಳುವವರೇ ಕಡಿಮೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರಿನಡಿ ಐದು ಪಾಲಿಕೆಗಳಾಗಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂದು ಆಸ್ತಿ ತೆರಿಗೆ ಕಟ್ಟುವಾಗ ನೋಡಿಕೊಂಡು, ಅಲ್ಲಿನ ಕಲ್ಯಾಣ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ "ನೋಡೋಣ" ಲೆಕ್ಕಕ್ಕಿಲ್ಲ.

ತೆರಿಗೆ ಕಟ್ಟುವವರಿಗೆ

ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಇದು. 1961ರ ಕಾಯ್ದೆಯ 80ಯು ಸೆಕ್ಷನ್ ಎಂದೇ ಜನ ಬಲ್ಲ ಈ ವಿನಾಯಿತಿಯಲ್ಲಿ, ಅಂಗವಿಕಲರು ತಮ್ಮ ಆದಾಯದಿಂದ 75,000 ರೂಪಾಯಿ ಕಳೆದುಕೊಳ್ಳಬಹುದು, ಶೇ 80 ಮತ್ತು ಮೇಲ್ಪಟ್ಟರೆ 1,25,000. ಅವಲಂಬಿತರನ್ನು ಸಾಕುವವರಿಗೆ 80ಡಿಡಿಯಲ್ಲಿ ಇಷ್ಟೇ ಮೊತ್ತ. ಚಿಕಿತ್ಸೆ, ಆರೈಕೆಗೆ ಖರ್ಚು ಮಾಡಿರಬೇಕು, ಎಷ್ಟು ಮಾಡಿದ್ದೀರಿ ಎಂಬುದರ ಮೇಲೆ ಮೊತ್ತ ಬದಲಾಗುವುದಿಲ್ಲ. ಅವಲಂಬಿತರು ಎಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು ಅಷ್ಟೇ. ದೊಡ್ಡಪ್ಪ ಬರುವುದಿಲ್ಲ! ಗೆಳತಿಗೆ ಆ ದಾರಿ ಮುಚ್ಚಿತು, ಆದರೆ ಪಿಂಚಣಿಗೆ ತೆರಿಗೆ ಕಟ್ಟುತ್ತಿದ್ದ ದೊಡ್ಡಪ್ಪನಿಗೇ 80ಯು ಸಿಕ್ಕಿತು. ಶೇ 20ರ ಹಂತದಲ್ಲಿ 75,000ಕ್ಕೆ ಸೆಸ್ ಸೇರಿ ಉಳಿಯುವುದು ವರ್ಷಕ್ಕೆ 15,600 ರೂಪಾಯಿ. ಅವರ ಮನೆಯ ರೇಲಿಂಗ್ ಬಂದದ್ದು ಆ ದುಡ್ಡಿನಿಂದ.

ಕೇಂದ್ರದ ದಿವ್ಯಾಂಗ ಹಣಕಾಸು ನಿಗಮದ ಹೆಸರು ಹೇಳಿಕೊಂಡೂ ಫಾರ್ವರ್ಡ್‌ಗಳು ಬರುತ್ತವೆ. ಅದು ಕೊಡುವುದು ಸಾಲ, ಅನುದಾನ ಅಲ್ಲ, ಅದೂ ಮುಖ್ಯವಾಗಿ ದುಡಿಮೆಗೆ, ಓದಿಗೆ.

ರಸ್ತೆ ಅಪಘಾತದಿಂದ ಅಂಗವಿಕಲತೆ ಬಂದಿದ್ದರೆ ಕಥೆಯೇ ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಆಸ್ಪತ್ರೆ ಬಿಲ್ಲಿನ ಜೊತೆಗೆ ಮುಂದಿನ ಆರೈಕೆಯ ಖರ್ಚನ್ನೂ ಕೇಳಬಹುದು. ಮನೆ ಬದಲಾವಣೆಯ ಅಂದಾಜು ಪಟ್ಟಿಯನ್ನು ವಕೀಲರ ಕೈಗೆ ಆಗಲೇ ಕೊಡಿ. ಕಾಯ್ದೆಯ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ, ಅದರೊಳಗೆ ಅರ್ಜಿ ಹಾಕುವುದೇ ಕ್ಷೇಮ.

ನಿಜವಾಗಿ ಬೇಕಾದ್ದು ರ‍್ಯಾಂಪೇ?

ದೊಡ್ಡಪ್ಪನ ಮನೆಗೆ ಟೇಪ್ ಹಿಡಿದುಕೊಂಡು ಹೋದೆವು. ಒಂದೊಂದು ಮೆಟ್ಟಿಲು ಆರು ಇಂಚು, ಮೂರಕ್ಕೆ ಹದಿನೆಂಟು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಎಂಬುದು ರ‍್ಯಾಂಪಿನ ಒಪ್ಪಿತ ಲೆಕ್ಕ. ಅಂದರೆ ಹದಿನೆಂಟು ಅಡಿ. ಮೂವತ್ತು ನಲವತ್ತರ ಸೈಟಿನಲ್ಲಿ ಗೇಟಿಗೂ ಬಾಗಿಲಿಗೂ ನಡುವೆ ಅಷ್ಟು ಜಾಗ ಎಲ್ಲಿಂದ ತರೋಣ? ಮೇಸ್ತ್ರಿ ಐದು ಅಡಿಯಲ್ಲಿ ಮುಗಿಸಿಕೊಡುತ್ತೇನೆ ಎಂದರು. ಅಷ್ಟು ಕಡಿದಾದರೆ ಸ್ಕೂಟರ್ ಹತ್ತುತ್ತದೆ, ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಬೀದಿಗೆ ಚಾಚೋಣ ಎಂದರೆ ಅದು ಫುಟ್‌ಪಾತ್ ಒತ್ತುವರಿ. ಪಾಲಿಕೆ ಒಡೆದರೆ ಹಾಕಿದ ಸಿಮೆಂಟು, ಕೂಲಿ ಎಲ್ಲ ನಷ್ಟ. ಪಕ್ಕದ ಬೀದಿಯ ಇನ್ನೊಂದು ಗಾಲಿಕುರ್ಚಿಗೆ ಅದೇ ಅಡ್ಡಿ ಎಂಬುದೂ ನಿಜ.

ಹಿಡಿದುಕೊಂಡು ನಡೆಯಬಲ್ಲವರಿಗೆ ರ‍್ಯಾಂಪಿಗಿಂತ ಎರಡೂ ಕಡೆ ರೇಲಿಂಗ್ ಇರುವ ಗಿಡ್ಡ ಮೆಟ್ಟಿಲು ಒಳ್ಳೆಯದು. ದೊಡ್ಡಪ್ಪನಿಗೆ ಎಡಗೈ ಬಲವಿಲ್ಲ. ಹತ್ತುವಾಗ ಬಲಗಡೆ ಇರುವ ರೇಲಿಂಗ್ ಇಳಿಯುವಾಗ ಎಡಗಡೆ ಆಗಿಬಿಡುತ್ತದೆ, ಅದಕ್ಕೇ ಎರಡೂ ಕಡೆ ಬೇಕು. ಬಚ್ಚಲಲ್ಲಿ ಟವೆಲ್ ಕಂಬಿ ಹಿಡಿದು ಏಳುವುದು ಅಪಾಯ, ಅದು ಮೈಭಾರ ತಡೆಯುವುದಿಲ್ಲ. ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಹಾಕಿದ ಹಿಡಿಕೆಯೇ ಬೇಕು. ಹಳೆಯ ಮನೆಗಳ ಬಚ್ಚಲ ಬಾಗಿಲು ಎರಡೂವರೆ ಅಡಿ, ಗಾಲಿಕುರ್ಚಿಗೆ ಮೂರು ಅಡಿ ಇದ್ದರೆ ಸಲೀಸು. ಗೋಡೆ ಒಡೆಸುವ ಮುಂಚೆ ಬಾಗಿಲು ಕಳಚಿ ಪರದೆ ಹಾಕಿ ನೋಡಿ, ಒಂದೂವರೆ ಇಂಚು ಅಲ್ಲೇ ಸಿಗುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿರಲಿ.

ಏನು ಬೇಕು ಎಂದು ನೋಡಿ ಹೇಳಲು ಆಕ್ಯುಪೇಷನಲ್ ಥೆರಪಿಸ್ಟ್ ಎಂಬವರೇ ಇದ್ದಾರೆ. ಬನಶಂಕರಿಗೆ ಹತ್ತಿರವೆಂದರೆ ಜೆ.ಪಿ. ನಗರ 2ನೇ ಹಂತದ ಮೊಬಿಲಿಟಿ ಇಂಡಿಯಾ, 1994ರಿಂದ ಪುನಶ್ಚೇತನ, ಗಾಲಿಕುರ್ಚಿ, ಕೃತಕ ಅವಯವಗಳ ಕೆಲಸ ಮಾಡುತ್ತಿದೆ. ಲಿಂಗರಾಜಪುರದ ಎಪಿಡಿ ಇನ್ನೂ ಹಳೆಯದು, 1959ರದ್ದು. ಮೇಸ್ತ್ರಿಗೆ ಮುಂಗಡ ಕೊಡುವ ಮುಂಚೆ ಇಂಥ ಕಡೆ ಒಮ್ಮೆ ತೋರಿಸಿ.

ಲಿಂಕ್ ಈಗಾಗಲೇ ಒತ್ತಿ, ದುಡ್ಡು ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆಧಾರ್ ನಂಬರ್ ಮಾತ್ರ ಕೊಟ್ಟಿದ್ದರೆ ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಬಹುದು. ದೊಡ್ಡಮ್ಮನ ಫೋನಿನಲ್ಲಿ ಅದನ್ನು ಮಾಡಿಕೊಟ್ಟು ಬಂದೆವು. ಆ ಸಂದೇಶ ಅವರಿಗೆ ಕಳಿಸಿದ್ದು ಯಾರು ಎಂದು ಕೇಳಿದೆವು. ನಮ್ಮ ಗೆಳತಿಯ ಅಮ್ಮನಂತೆ.