ಬೆರಗಾಗುವ ಬಗೆ

‘ಬೆರಗು’ ಈಗ ದಿನವೂ ಕಿವಿಗೆ ಬೀಳುವ ಮಾತು. ಟಿ.ವಿ.ಯವರ ಶೀರ್ಷಿಕೆಯಲ್ಲಿ ಆಟಗಾರನ ಹೊಡೆತ ಬೆರಗುಗೊಳಿಸುತ್ತದೆ. ಜಾಹೀರಾತಿನಲ್ಲಿ ಮೊಬೈಲಿನ ಕ್ಯಾಮೆರಾ, ಹಬ್ಬದ ರಿಯಾಯಿತಿ, ಹದಿನೆಂಟನೇ ಮಹಡಿಯ ಬಾಲ್ಕನಿ, ಎಲ್ಲವೂ ಬೆರಗುಗೊಳಿಸುತ್ತವೆ. ಆದರೆ ‘ಬೆರಗಾದೆ’ ಎಂದು ನಡುವಯಸ್ಸಿನವರೊಬ್ಬರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನು ಈಚೆಗೆ ಎಲ್ಲಾದರೂ ಕೇಳಿದ್ದೀರಾ? ಆ ಮಾತನ್ನು ನಾವು ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇವೆ. ಬೆರಗುಗಣ್ಣು ಎಂದರೆ ಮಗುವಿನ ಕಣ್ಣು. ದೊಡ್ಡವರದು ‘ಇದೆಲ್ಲ ಗೊತ್ತು ಬಿಡಿ’ ಎನ್ನುವ ಕಣ್ಣು. ಹೀಗೆ ಪಾಲು ಮಾಡಿಕೊಂಡದ್ದು ಸರಿಯೇ ಎಂದು ಆ ಪದವನ್ನೇ ಕೇಳಬೇಕು ಅನ್ನಿಸುತ್ತದೆ.

ಕನ್ನಡದಲ್ಲಿ ಈ ಭಾವದ ಬಳಗ ದೊಡ್ಡದು. ಸಂಸ್ಕೃತದ ಆಶ್ಚರ್ಯ ನಾಲಗೆಯ ಮೇಲೆ ಸವೆದು ಅಚ್ಚರಿಯಾಯಿತು. ವಿಸ್ಮಯಕ್ಕೆ ಶಾಸ್ತ್ರದ ಗತ್ತು. ಭರತನ ನಾಟ್ಯಶಾಸ್ತ್ರ ಅದನ್ನು ಅದ್ಭುತ ರಸದ ಸ್ಥಾಯೀಭಾವ ಎಂದಿದೆ. ಸೋಜಿಗ ಎಂದಾಗ ಜನಪದರ ದನಿ ಕೇಳುತ್ತದೆ, ಜೊತೆಗೆ ‘ಇದ್ಯಾಕೆ ಹೀಗೆ’ ಎಂಬ ಸಣ್ಣ ತಕರಾರೂ ಅದರಲ್ಲಿರುತ್ತದೆ. ಇವೆಲ್ಲದರ ನಡುವೆ ಬೆರಗು ಅಚ್ಚಗನ್ನಡದ ಪದ. ಹಳಗನ್ನಡದವರು ಇದನ್ನು ಶಕಟರೇಫ ಹಾಕಿ ‘ಬೆಱಗು’ ಎಂದು ಬರೆದರು. ಆ ಒರಟು ಱ ಲಿಪಿಯಿಂದ ಹೋಯಿತು, ಪದ ಉಳಿಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇದಕ್ಕೆ ಅಚ್ಚರಿಯ ಜೊತೆಗೆ ದಿಗಿಲಿನ ಅರ್ಥವನ್ನೂ ಕೊಡುತ್ತದೆ. ಬೆರಗಿನಲ್ಲಿ ಒಂದು ಎಳೆ ಭಯವಿದೆ. ತನಗಿಂತ ಬಹಳ ದೊಡ್ಡದೊಂದರ ಮುಂದೆ ನಿಂತವನ ಭಯ ಅದು.

ವ್ಯಾಕರಣದಲ್ಲೂ ಈ ಪದದ ದಾರಿ ಬೇರೆ. ಆಶ್ಚರ್ಯ ನನಗೆ ಆಗುತ್ತದೆ. ಹಸಿವಾದಂತೆ, ಬೇಸರವಾದಂತೆ, ಎಲ್ಲಿಂದಲೋ ಬಂದು ಮುಟ್ಟಿ ಹೋಗುತ್ತದೆ. ಬೆರಗು ಹಾಗೆ ಬಂದುಹೋಗುವ ನೆಂಟನಲ್ಲ. ‘ನನಗೆ ಬೆರಗಾಯಿತು’ ಎನ್ನುವುದುಂಟು, ನಿಜ. ಆದರೆ ನಾಲಗೆಗೆ ಹೆಚ್ಚು ಒಗ್ಗಿದ್ದು ‘ನಾನು ಬೆರಗಾದೆ’ ಎಂಬುದು. ಹಾಲು ಮೊಸರಾಯಿತು, ಹುಡುಗ ಅಪ್ಪನಾದ ಎನ್ನುವ ಸಾಲಿನಲ್ಲೇ ನಾನು ಬೆರಗಾದೆ. ಆಗುವುದು ಎಂದರೆ ಇದ್ದ ಹಾಗೇ ಇರದೆ ಬದಲಾಗುವುದು. ಈ ಬದಲಾಗುವಿಕೆಯನ್ನು ಮಕ್ಕಳು ಕೇಳದೆಯೇ ಪಡೆಯುತ್ತಾರೆ. ದೊಡ್ಡವರು ಅದಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ.

ಹನ್ನೆರಡನೇ ಶತಮಾನದ ವಚನಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಲ್ಲಮನ ಲೋಕದಲ್ಲಿ ಬೆರಗು, ನಿಬ್ಬೆರಗು ಎಳಸುತನದ ಗುರುತುಗಳಲ್ಲ. ಅರಿವು ಮಾಗಿ ಮಾತು ತಾನಾಗಿ ನಿಲ್ಲುವ ನೆಲೆಯ ಹೆಸರುಗಳು ಅವು. ಏನೂ ಗೊತ್ತಿಲ್ಲದವನು ಬೆರಗಾಗುತ್ತಾನೆ, ಎಲ್ಲ ತಿಳಿದವನು ಸುಮ್ಮನಾಗುತ್ತಾನೆ ಎಂಬ ನಮ್ಮ ಇಂದಿನ ಲೆಕ್ಕವನ್ನು ಅವರು ತಿರುಗಿಸಿ ಇಟ್ಟಿದ್ದರು. ತಿಳಿಯುತ್ತ ಹೋದವನೇ ಬೆರಗಾಗುತ್ತಾನೆ. ವಚನಕಾರರು ಹೇಳಿದ್ದು ಅನುಭಾವದ ಮಾತು. ಆದರೆ ಉತ್ತರ ಬೆಂಗಳೂರಿನಲ್ಲಿ ಬದುಕುವವರ ಹಗಲುಗಳಿಗೂ ಅದು ಅಷ್ಟೇ ಸಲ್ಲುತ್ತದೆ. ಸಾಕ್ಷಿಗಳು ಸುತ್ತಲೇ ಇವೆ.

ಮೊದಲ ಸಾಕ್ಷಿ ಮೇಖ್ರಿ ವೃತ್ತದ ಪಕ್ಕದಲ್ಲೇ, ರಾಮನ್ ಸಂಶೋಧನಾ ಸಂಸ್ಥೆಯ ಅಂಗಳದಲ್ಲಿದೆ. ಸಿ.ವಿ. ರಾಮನ್ 1921ರಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಕಡಲಿನ ಕಡುನೀಲಿಯನ್ನು ಕಂಡರು. ಆಗ ಅವರಿಗೆ ಮೂವತ್ತೆರಡು ವರ್ಷ. ಕಡಲು ಯಾಕೆ ನೀಲಿ ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಉತ್ತರ ಇರಲಿಲ್ಲವೆಂದಲ್ಲ. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುತ್ತದೆ ಎಂದು ಲಾರ್ಡ್ ರ‍್ಯಾಲಿಯಂಥ ದೊಡ್ಡವರೇ ಹೇಳಿ ಮುಗಿಸಿದ್ದರು. ರಾಮನ್‌ಗೂ ಆ ಉತ್ತರ ಗೊತ್ತಿತ್ತು. ಆದರೂ ಜೊತೆಯಲ್ಲಿದ್ದ ನಿಕಾಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು, ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ. ಅದು ನೀರಿನ ಒಳಗಿನಿಂದಲೇ ಬರುತ್ತಿತ್ತು. ಅಲ್ಲಿಂದ ಹಿಡಿದ ಎಳೆ ಅವರನ್ನು 1928ರ ಫೆಬ್ರವರಿ 28ಕ್ಕೆ, ಕೋಲ್ಕತ್ತದ ಪ್ರಯೋಗಶಾಲೆಯಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಕಂಡ ರಾಮನ್ ಪರಿಣಾಮಕ್ಕೆ, 1930ರ ನೊಬೆಲ್‌ಗೆ ಕರೆದೊಯ್ದಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆಮೇಲಿನ ಕಥೆ. ನೊಬೆಲ್ ಬಂದವರು ಬೆರಗನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1948ರಲ್ಲಿ ತಮ್ಮದೇ ಸಂಸ್ಥೆ ತೆರೆದರು. ಅಲ್ಲಿ ಅವರು ಕೂಡಿಟ್ಟದ್ದು ಖನಿಜ, ಹರಳು, ಚಿಪ್ಪು, ಚಿಟ್ಟೆ, ಹಕ್ಕಿಯ ಗರಿಗಳನ್ನು. ಚಿಪ್ಪಿನ ಒಳಮೈ ಮಿರುಗುವುದು ಯಾಕೆ, ಗರಿಯ ಬಣ್ಣ ಎಲ್ಲಿಂದ, ಗುಲಾಬಿಯ ಕೆಂಪನ್ನು ಕಣ್ಣು ಹೇಗೆ ಅರಿಯುತ್ತದೆ ಎಂಬ ಪ್ರಶ್ನೆಗಳನ್ನು ಮುಪ್ಪಿನಲ್ಲೂ ಬಿಡಲಿಲ್ಲ. ನೋಟದ ಬಗೆಗಿನ ಅವರ ಪುಸ್ತಕ ಹೊರಬಂದದ್ದು 1968ರಲ್ಲಿ, ಎಂಬತ್ತರ ಅಂಚಿನಲ್ಲಿ. 1970ರ ನವೆಂಬರ್ 21ರಂದು ತೀರಿಕೊಂಡಾಗ ಸಂಸ್ಥೆಯ ತೋಟದಲ್ಲೇ ಅಂತ್ಯಸಂಸ್ಕಾರವಾಯಿತು. ಆ ಜಾಗದಲ್ಲಿ ಒಂದು ಮರ ನೆಟ್ಟರು. ಕಡಲು, ಚಿಪ್ಪು, ಹೂವು: ಇವು ಎಲ್ಲರ ಕಣ್ಣೆದುರಿನ ವಸ್ತುಗಳು. ಉತ್ತರ ಸಿಕ್ಕಿಬಿಟ್ಟಿದೆ ಎಂದು ಎಲ್ಲರೂ ಕೈತೊಳೆದ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳುವುದು ದೊಡ್ಡವರ ಬೆರಗು. ಮಗು ಮೊದಲ ಸಲ ಕೇಳುತ್ತದೆ. ದೊಡ್ಡವರು ಎರಡನೇ ಸಲ ಕೇಳಬೇಕು. ಎರಡನೆಯದು ಕಷ್ಟ, ಯಾಕೆಂದರೆ ಗೊತ್ತಿದೆ ಎಂಬ ಹೆಮ್ಮೆಯನ್ನು ಅದಕ್ಕಾಗಿ ಬದಿಗಿಡಬೇಕು.

ಬಳ್ಳಾರಿ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಹೆಬ್ಬಾಳ. ಬಹಳ ಜನರಿಗೆ ಅದು ಮೇಲ್ಸೇತುವೆಯ ಹೆಸರು, ವಿಮಾನ ತಪ್ಪೀತೆಂಬ ಆತಂಕದ ಹೆಸರು. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಊರನ್ನು ಕಾಯಲು ಕಾದಾಡಿ ಸತ್ತ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ, ‘ಪೆರ್ಬೊೞಲ್’ ಎಂದು ಊರಿನ ಹೆಸರಿದೆ. ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಪಟ್ಟಣ. ಆ ದೊಡ್ಡ ಪಟ್ಟಣವೇ ಸವೆದು ಹೆಬ್ಬಾಳವಾಗಿದೆ. ಬೆಂಗಳೂರು ಎಂಬ ಹೆಸರು ಸಿಗುವ ಬೇಗೂರಿನ ಶಾಸನ ಸುಮಾರು 890ರದು. ಅಂದರೆ ಹೆಬ್ಬಾಳದ ಹೆಸರನ್ನು ಕಲ್ಲಿನಲ್ಲಿ ಕೊರೆದು ಒಂದು ಶತಮಾನಕ್ಕೂ ಮಿಕ್ಕಿದ ಮೇಲೆ ಬೆಂಗಳೂರಿನ ಹೆಸರು ಕಲ್ಲಿಗೆ ಬಂತು. ಮಿಥಿಕ್ ಸೊಸೈಟಿಯವರು ಈಗ ಬೆಂಗಳೂರು ಸುತ್ತಲಿನ ಇಂಥ ಕಲ್ಲುಗಳನ್ನು ಒಂದೊಂದಾಗಿ ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಓದು ಬಾರದವರಿಗೆ ಹೆಬ್ಬಾಳದ ಆ ಕಲ್ಲು ಬಟ್ಟೆ ಒಗೆಯಲೂ ಆಗಬಹುದಾದ ಒಂದು ಚಪ್ಪಡಿ. ಓದಿದ ಕ್ಷಣದಲ್ಲಿ ಸಾವಿರದ ಇನ್ನೂರೈವತ್ತು ವರ್ಷದಾಚೆಯ ಒಬ್ಬ ನೆರೆಯವನು ಎದುರು ನಿಲ್ಲುತ್ತಾನೆ. ಬೆರಗು ಅಕ್ಷರ ಬಲ್ಲವರ ಪಾಲಿಗೆ ಹೆಚ್ಚು ಬಂತು, ಕಡಿಮೆಯಾಗಲಿಲ್ಲ.

ಆ ಹಿರಿದಾದ ಪೆರ್ ಇನ್ನೂ ನಮ್ಮ ಬಾಯಲ್ಲಿ ‘ಹೆ’ ಆಗಿ ಓಡಾಡುತ್ತಿದೆ. ಹೆದ್ದಾರಿ, ಹೆಮ್ಮರ, ಹೆಬ್ಬಾವು. ಹೆಬ್ಬಾಳದ ಕೆರೆಯ ಮೇಲೆ ರೆಕ್ಕೆ ಬಡಿಯದೆ ಸುತ್ತುವ ಹೆಜ್ಜಾರ್ಲೆಯ ತಲೆಯಲ್ಲೂ ಅದೇ ಹೆ. ಬಿಸಿಲೇರಿದ ಮೇಲೆ ನೆಲ ಕಾದು ಗಾಳಿ ಮೇಲಕ್ಕೆ ಏಳುತ್ತದೆ. ಐದು ಕಿಲೋ ಸುಮಾರಿನ ಆ ಹಕ್ಕಿ ಗಾಳಿಯ ಕಂಬವೊಂದನ್ನು ಹಿಡಿದು ಸುತ್ತುತ್ತ ಏರಿ, ಎತ್ತರದಿಂದ ಜಾರುತ್ತ ಮುಂದಿನ ಕೆರೆಗೆ ಹೋಗುತ್ತದೆ. ಕೆಳಗೆ ಕಾರುಗಳು ನಿಂತಿರುವ ಹೊತ್ತಿನಲ್ಲೇ ಇದು ನಡೆಯುತ್ತದೆ. ಚಳಿಗಾಲದಲ್ಲಿ ಇದೇ ಕಡೆಯ ಕೆರೆಗಳಿಗೆ ಸಲಿಕೆಯ ಆಕಾರದ ಕೊಕ್ಕಿನ ಬಾತುಗಳು ಹಿಮಾಲಯದಾಚೆಯಿಂದ ಬರುತ್ತವೆ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿತು. ಬಣ್ಣದ ಕೊಕ್ಕರೆಗಳು ಅಪಾರ್ಟ್‌ಮೆಂಟುಗಳ ನಡುವೆ ಅಲ್ಲಿ ಗೂಡು ಕಟ್ಟುತ್ತವೆ. ಕೆರೆಯ ನೀರಿಗೂ ಅದರದೇ ಪಯಣವಿದೆ. ಯಲಹಂಕದಲ್ಲಿ ತುಂಬಿ ಹರಿದದ್ದು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ ಇಳಿದು, ಕೊನೆಗೆ ದಕ್ಷಿಣ ಪಿನಾಕಿನಿ ಸೇರಿ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಊರಿನ ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ, ಕಾವೇರಿ ಸುತ್ತಿ ಅದೇ ಕೊಲ್ಲಿಗೆ ಬರುತ್ತದೆ. ಇಷ್ಟನ್ನು ಅರಿತವರಿಗೆ ಮಳೆ ಬರೀ ಟ್ರಾಫಿಕ್ ಸುದ್ದಿಯಾಗಿ ಉಳಿಯುವುದಿಲ್ಲ.

ಹಾಗಾದರೆ ಬೆರಗನ್ನು ಬೆಳೆಸಿಕೊಳ್ಳಬಹುದೇ? ಬೆಳೆಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರವತ್ತು ದಾಟಿದವರನ್ನು ಎಂಟು ವಾರ, ವಾರಕ್ಕೊಮ್ಮೆ ಹದಿನೈದು ನಿಮಿಷ ನಡೆಯಲು ಕಳಿಸಿದರು. ಒಂದು ಗುಂಪಿಗೆ ಮಾತ್ರ, ಕಾಣುವುದನ್ನೆಲ್ಲ ಹೊಸ ಕಣ್ಣಿನಿಂದ ನೋಡಿ, ಬೆರಗನ್ನು ಹುಡುಕಿ ಎಂದಿದ್ದರು. ಪ್ರತಿ ನಡಿಗೆಯಲ್ಲೂ ಸೆಲ್ಫಿ ತೆಗೆದುಕೊಳ್ಳಬೇಕಿತ್ತು. ವಾರಗಳು ಕಳೆದಂತೆ ಆ ಗುಂಪಿನವರ ಚಿತ್ರಗಳಲ್ಲಿ ಮುಖ ಚಿಕ್ಕದಾಗುತ್ತ, ಹಿನ್ನೆಲೆ ದೊಡ್ಡದಾಗುತ್ತ ಹೋಯಿತು. ನಗು ಮಾತ್ರ ಹಿಗ್ಗಿತು. ತಾನು ಕುಗ್ಗಿ ಲೋಕ ಹಿಗ್ಗುವ ಈ ಲೆಕ್ಕವನ್ನು ‘ಬೆರಗಾದೆ’ ಎಂಬ ಕ್ರಿಯಾಪದ ಮೊದಲೇ ಹೇಳಿಟ್ಟಿದೆ.

ಇದಕ್ಕೆ ಊರು ಬಿಟ್ಟು ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಲ್ಲಿದೆ. ಸೂರ್ಯ ಉತ್ತರಕ್ಕೆ ಸರಿಯುವಾಗ ಒಮ್ಮೆ, ಮರಳುವಾಗ ಒಮ್ಮೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ದಿಲ್ಲಿಯವರಿಗೆ ಈ ಭಾಗ್ಯ ಎಂದೂ ಇಲ್ಲ, ಅವರ ಊರು ಕರ್ಕಾಟಕ ವೃತ್ತದ ಆಚೆಗಿದೆ. ಏಪ್ರಿಲ್‌ನಲ್ಲಿ ಆ ಗಳಿಗೆ 12 ಗಂಟೆ 17 ನಿಮಿಷದ ಆಸುಪಾಸಿನಲ್ಲಿ ಬರುತ್ತದೆ, ಯಾಕೆಂದರೆ ನಮ್ಮ ಗಡಿಯಾರ ನಡೆಯುವುದು ಇನ್ನೂ ಪೂರ್ವದ ರೇಖಾಂಶವೊಂದರ ಲೆಕ್ಕದಲ್ಲಿ. ಆರ್.ಟಿ. ನಗರದ ಟೆರೇಸಾಗಲಿ, ಯಶವಂತಪುರದ ರೈಲ್ವೆ ಪ್ಲಾಟ್‌ಫಾರ್ಮಾಗಲಿ, ಒಂದು ನೀರಿನ ಬಾಟಲಿ ನಿಲ್ಲಿಸಿದರೆ ಸಾಕು. ಕಾರಣ ಗೊತ್ತಿದ್ದವರು ಆ ಹೊತ್ತಿನಲ್ಲಿ ಬಾಟಲಿಯನ್ನಷ್ಟೇ ನೋಡುವುದಿಲ್ಲ. ವಾಲಿಕೊಂಡು ಸುತ್ತುವ ಭೂಮಿಯನ್ನು, ಅದರ ಮೇಲೆ ನಿಂತ ತಮ್ಮನ್ನು ಕಾಣುತ್ತಾರೆ.

ದೊಡ್ಡ ಬೆರಗುಗಳೂ ಈ ಭಾಗಕ್ಕೆ ಹೊಸವಲ್ಲ. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತಿದೆ. ಯುದ್ಧವಿಮಾನದ ಸದ್ದಿಗೆ ಮನೆಯ ಗಾಜು ಅದುರುತ್ತದೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಅದನ್ನು ನಡೆಸುತ್ತಿದ್ದ ಕೊಠಡಿ ಇದ್ದದ್ದು ಯಶವಂತಪುರದಿಂದ ಹೆಚ್ಚು ದೂರವಿಲ್ಲದ ಪೀಣ್ಯದ ಇಸ್ರೊ ಕೇಂದ್ರದಲ್ಲಿ. ಆ ಸಂಜೆ ದೇಶವೇ ಬೆರಗಾಯಿತು. ಅಂಥ ಸಂಜೆಗಳು ಬೇಕು. ಆದರೆ ಅವು ಅಪರೂಪಕ್ಕೆ ಬರುತ್ತವೆ, ಬರುವುದನ್ನು ಮೊದಲೇ ಸಾರಿ ಬರುತ್ತವೆ. ಬದುಕು ಕಳೆಯುವುದು ಉಳಿದ ದಿನಗಳಲ್ಲಿ, ಅವುಗಳಿಗೆ ಬೆರಗನ್ನು ನಾವೇ ಒದಗಿಸಿಕೊಳ್ಳಬೇಕು. ಮುಂದಿನ ಕೆರೆಯ ಹೆಸರೇನು, ಆ ಹಕ್ಕಿ ಯಾವುದು, ಈ ಕಲ್ಲಿನಲ್ಲಿ ಏನು ಬರೆದಿದೆ ಎಂದು ಕೇಳಿ, ಉತ್ತರ ಸಿಗುವ ತನಕ ಬೆನ್ನು ಹತ್ತುವುದು ಅದಕ್ಕೆ ಇರುವ ದಾರಿ. ಉತ್ತರ ಸಿಕ್ಕಾಗ ಬೆರಗು ಮುಗಿಯುವುದಿಲ್ಲ, ಮುಂದಿನ ಪ್ರಶ್ನೆಗೆ ಅದು ಬಾಗಿಲು ತೆರೆಯುತ್ತದೆ.

‘ಬೆರಗುಗೊಳಿಸು’ ಎಂಬುದನ್ನು ಮಾರುವವರು ಬಳಸಿಕೊಳ್ಳಲಿ. ‘ಬೆರಗಾಗು’ ಎಂಬುದನ್ನು ನಾವು ಕೈಬಿಡುವುದು ಬೇಡ. ಅದನ್ನು ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಮಕ್ಕಳ ಮುಂದೆ ಗಟ್ಟಿಯಾಗಿ ಆಡೋಣ. ಅಪ್ಪ, ಅಮ್ಮ, ಅಜ್ಜಿ ಇಂದು ಯಾವುದಕ್ಕೆ ಬೆರಗಾದರು ಎಂದು ಕೇಳಿಸಿಕೊಂಡು ಬೆಳೆದ ಮಗುವಿಗೆ, ದೊಡ್ಡವರಾಗುವುದೆಂದರೆ ಬೆರಗನ್ನು ಕಳಚಿ ಇಡುವುದಲ್ಲ ಎಂದು ಯಾರೂ ಪಾಠ ಹೇಳಬೇಕಾಗುವುದಿಲ್ಲ.